ಮಗ ಊರು ಬಿಟ್ಟದ್ದು ಯಾವಾಗ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕನಾಗಿದ್ದು ನಿವೃತ್ತನಾದವನು. ಮಗ ಇಲ್ಲಿಯೇ ಎಂಜಿನಿಯರಿಂಗ್ ಓದಿ ಏಳು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ವರ್ಷಕ್ಕೆ 16 ಲಕ್ಷ ಸಂಬಳ. ಹೆಂಡತಿ, ಮೂರು ವರ್ಷದ ಮಗಳು ಇದ್ದಾರೆ. ಈಗ ಜರ್ಮನಿಗೆ ಹೋಗುತ್ತೇನೆ, ಅಲ್ಲಿ 60 ಸಾವಿರ ಯೂರೋ ಸಂಬಳವಿದೆ ಎನ್ನುತ್ತಿದ್ದಾನೆ. ಕೆಲಸ ಇನ್ನೂ ಕೈಗೆ ಸಿಕ್ಕಿಲ್ಲ. ‘ಚಾನ್ಸೆನ್‌ಕಾರ್ಟೆ’ ಎಂಬ ಕಾರ್ಡ್ ಪಡೆದು ಹೋಗಿ ಅಲ್ಲಿಯೇ ಹುಡುಕಿಕೊಳ್ಳಬಹುದೆಂದು ಸಲಹಾ ಸಂಸ್ಥೆಯೊಂದು ಹೇಳಿದೆಯಂತೆ. ಅದರ ಖರ್ಚಿಗಾಗಿ ಚನ್ನಗಿರಿ ಹತ್ತಿರದ ನಮ್ಮ ಎರಡೂವರೆ ಎಕರೆ ಅಡಿಕೆ ತೋಟದಲ್ಲಿ ಒಂದು ಎಕರೆ ಮಾರುವ ಮಾತು ಬಂದಿದೆ. ಇಲ್ಲಿ ಮನೆ, ತೋಟ, ಬಂಧುಬಳಗ ಎಲ್ಲವೂ ಇರುವಾಗ ಯಾವ ಕೊರತೆಗೆ ಹೋಗಬೇಕು? ಅಲ್ಲಿನ ಬದುಕು ನಿಜವಾಗಿ ಮೇಲೆಯೇ, ಅಥವಾ ಇದು ಯೂರೋವನ್ನು ನೂರರಿಂದ ಗುಣಿಸಿ ನೋಡುವ ಭ್ರಮೆಯೇ?

ಉತ್ತರ: ಮಾನ್ಯ ಗುರುಗಳೇ, ನಿಮ್ಮ ಪತ್ರದಲ್ಲಿ ‘ಇಲ್ಲಿ ಮನೆ, ತೋಟ, ಬಂಧುಬಳಗ’ ಎಂಬ ಮಾತಿಗೆ ಬಂದಾಗ ನಾನು ಸ್ವಲ್ಪ ಹೊತ್ತು ನಿಂತೆ. ನಿಮಗೆ ‘ಇಲ್ಲಿ’ ಎಂದರೆ ದಾವಣಗೆರೆ. ನಿಮ್ಮ ಮಗನಿಗೆ ‘ಇಲ್ಲಿ’ ಎಂದರೆ ಬೆಂಗಳೂರಿನ ಬಾಡಿಗೆ ಮನೆ, ಹತ್ತು ತಿಂಗಳ ಮುಂಗಡ, ಬೆಳಿಗ್ಗೆ ಒಂದೂವರೆ ಗಂಟೆ ಹೋಗಲು, ಸಂಜೆ ಮತ್ತೆ ಅಷ್ಟೇ ಹೊತ್ತು ಬರಲು. ಅವನು ಊರು ಬಿಟ್ಟು ಏಳು ವರ್ಷವಾಗಿದೆ. ಈಗ ಅವನು ಬಿಡಬೇಕೆಂದಿರುವುದು ದಾವಣಗೆರೆಯನ್ನಲ್ಲ, ಬೆಂಗಳೂರನ್ನು. ತೂಗಿ ನೋಡಬೇಕಾದದ್ದೂ ಬೆಂಗಳೂರನ್ನು ಜರ್ಮನಿಯೊಂದಿಗೆ. ವಿದ್ಯಾನಗರದ ನಿಮ್ಮ ಸ್ವಂತ ಮನೆಯನ್ನು ಮ್ಯೂನಿಕ್‌ನ ಬಾಡಿಗೆ ಮನೆಯೊಂದಿಗೆ ತೂಗಿದರೆ ತಕ್ಕಡಿ ಯಾವಾಗಲೂ ನಿಮ್ಮ ಕಡೆಗೇ ವಾಲುತ್ತದೆ, ಆದರೆ ಆ ಮನೆಯಲ್ಲಿ ಅವನು ವಾಸವಾಗಿಲ್ಲ.

ಜನ ಹೀಗೆ ಹಂತಹಂತವಾಗಿಯೇ ದೂರ ಹೋಗುತ್ತಾರೆ ಎಂಬುದನ್ನು ರಾವೆನ್‌ಸ್ಟೈನ್ ಎಂಬ ವಿದ್ವಾಂಸ 1885ರಷ್ಟು ಹಿಂದೆಯೇ ಬ್ರಿಟನ್ನಿನ ಜನಗಣತಿಯನ್ನು ಆಧರಿಸಿ ತೋರಿಸಿಕೊಟ್ಟಿದ್ದ. ಹಳ್ಳಿಯವರು ಹತ್ತಿರದ ಪಟ್ಟಣಕ್ಕೆ, ಪಟ್ಟಣದವರು ನಗರಕ್ಕೆ, ನಗರದವರು ಇನ್ನೂ ದೊಡ್ಡ ನಗರಕ್ಕೆ ಸರಿಯುತ್ತಾರೆ, ಖಾಲಿಯಾದ ಜಾಗವನ್ನು ಹಿಂದಿನವರು ತುಂಬುತ್ತಾರೆ. ನಿಮ್ಮ ಮನೆತನದಲ್ಲಿಯೂ ಇದೇ ನಡೆದಿರಬೇಕು: ತೋಟ ಚನ್ನಗಿರಿಯ ಕಡೆ, ಮನೆ ದಾವಣಗೆರೆಯಲ್ಲಿ, ಮಗ ಬೆಂಗಳೂರಿನಲ್ಲಿ. ಮೊದಲ ಹೆಜ್ಜೆಯನ್ನು ಇಟ್ಟವರು ಬಹುಶಃ ನೀವೇ. ಇನ್ನು ದಾವಣಗೆರೆಯಾದರೂ ಹೊರಗಿನಿಂದ ಬಂದು ನೆಲೆಸಿದವರಿಂದಲೇ ಬೆಳೆದ ಊರು. ಹೈದರಾಲಿ ಇದನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟಾಗ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದ ಪೇಟೆ ಬೆಳೆಯಿತು. ಮುಂದೆ ಹತ್ತಿ ಗಿರಣಿಗಳು ಸುತ್ತಲಿನ ನೂರಾರು ಹಳ್ಳಿಗಳ ಜನರನ್ನು ಎಳೆದುಕೊಂಡವು. ಗಿರಣಿಗಳು ಮುಚ್ಚಿದ ಮೇಲೆ ಅವುಗಳ ಜಾಗವನ್ನು ಕಾಲೇಜುಗಳು ಹಿಡಿದವು. ಕಾಲೇಜು ಎಂಬುದು ಗಿರಣಿಯಂತಲ್ಲ. ಅದು ಜನರನ್ನು ತಯಾರು ಮಾಡಿ ಹೊರಗೆ ಕಳುಹಿಸುವ ಜಾಗ. ಪ್ರತಿ ವರ್ಷ ಇಷ್ಟು ಎಂಜಿನಿಯರುಗಳನ್ನೂ ವೈದ್ಯರನ್ನೂ ಓದಿಸಿ ಕಳುಹಿಸುವ ಊರಿನಲ್ಲಿ ಅಷ್ಟೂ ಜನರಿಗೆ ತಕ್ಕ ಕೆಲಸವಿಲ್ಲ ಎನ್ನುವುದು ಇಲ್ಲಿ ತರಗತಿಗಳಲ್ಲಿ ಪಾಠ ಮಾಡಿದ ನನಗೂ ನಿಮಗೂ ತಿಳಿಯದ್ದೇನಲ್ಲ.

ಹೊರದೇಶಕ್ಕೆ ಹೋಗುವವರೆಲ್ಲ ಬಡತನದಿಂದ ಓಡಿಹೋಗುತ್ತಾರೆ ಎಂಬ ತಿಳಿವಳಿಕೆ ತಪ್ಪು. ಕಡುಬಡವನ ಬಳಿ ಪಾಸ್‌ಪೋರ್ಟ್, ಟಿಕೆಟ್, ಮೊದಲ ಮೂರು ತಿಂಗಳ ಖರ್ಚು, ಅಲ್ಲಿ ಇಳಿದಾಗ ಕರೆದುಕೊಳ್ಳಲು ಒಬ್ಬ ಪರಿಚಯಸ್ಥ, ಇವು ಯಾವುವೂ ಇರುವುದಿಲ್ಲ. ಆದ್ದರಿಂದಲೇ ದೇಶವೊಂದರ ಆದಾಯ ತೀರಾ ಕೆಳಮಟ್ಟದಿಂದ ಮಧ್ಯಮ ಮಟ್ಟಕ್ಕೆ ಏರುವಾಗ ವಲಸೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ ಭಾರತದಲ್ಲಿ ಹುಟ್ಟಿ ಹೊರದೇಶದಲ್ಲಿ ನೆಲೆಸಿದವರು ಸುಮಾರು 1.85 ಕೋಟಿ, ವಿಶ್ವಬ್ಯಾಂಕಿನ ಅಂದಾಜಿನಂತೆ ಅದೇ ವರ್ಷ ಅವರು ತಾಯ್ನಾಡಿಗೆ ಕಳುಹಿಸಿದ ಹಣ 129 ಶತಕೋಟಿ ಡಾಲರ್. ಬೇರೆ ಯಾವ ದೇಶಕ್ಕೂ ಇಷ್ಟು ಹಣ ಬರುವುದಿಲ್ಲ.

ನಮ್ಮ ಜಿಲ್ಲೆಯಿಂದ ಹೋದವರೆಲ್ಲ ಎಂಜಿನಿಯರುಗಳೂ ಅಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಭಾರತೀಯರಲ್ಲಿ ನಿಮ್ಮ ತೋಟದ ಆಸುಪಾಸಿನವರೇ ಇದ್ದರು: ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ, ಗಿಡಮೂಲಿಕೆ ಮತ್ತು ಎಣ್ಣೆ ಮಾರಲು ಹೋದವರು. ಏಪ್ರಿಲ್ 24ರಿಂದ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಸರ್ಕಾರ ಸುಮಾರು 3,800 ಜನರನ್ನು ಅಲ್ಲಿಂದ ಹೊರತಂದಾಗ ಅವರೂ ಮರಳಿದರು. ಕಾಡಿನ ಬೇಟೆಗೆ ಕಾನೂನು ತಡೆಯೊಡ್ಡಿದ ಮೇಲೆ ತಿರುಗಾಟದ ವ್ಯಾಪಾರವನ್ನು ಕೈಗೆತ್ತಿಕೊಂಡ ಸಮುದಾಯ ಆಫ್ರಿಕಾದ ಮಾರುಕಟ್ಟೆಯನ್ನು ತಾನೇ ಹುಡುಕಿಕೊಂಡಿತ್ತು. ಅವರ ಹಿಂದೆ ಸಲಹಾ ಸಂಸ್ಥೆಯೂ ಇರಲಿಲ್ಲ, ಪದವಿಯೂ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, ಉಕ್ರೇನಿನ ಖಾರ್ಕಿವ್‌ನಲ್ಲಿ ಮಡಿದ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯ ದೇಹವನ್ನು ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದ್ದನ್ನು ನೀವೂ ಮರೆತಿರಲಾರಿರಿ. ಆ ಹುಡುಗ ಹೋದದ್ದು ಇಲ್ಲಿ ಸರ್ಕಾರಿ ಸೀಟು ಸಿಗದೆ, ಖಾಸಗಿ ಸೀಟಿನ ಶುಲ್ಕ ಕೈಗೆಟುಕದೆ. ಹೀಗೆ ಒಬ್ಬೊಬ್ಬರ ಕಾರಣವೂ ಬೇರೆ. ಆದ್ದರಿಂದ ‘ಜನ ಏಕೆ ಹೋಗುತ್ತಾರೆ’ ಎಂಬ ದೊಡ್ಡ ಪ್ರಶ್ನೆಯನ್ನು ಬಿಟ್ಟು ನಿಮ್ಮ ಮಗ ಏಕೆ ಹೋಗುತ್ತಾನೆ ಎಂಬಲ್ಲಿಗೆ ಬರುತ್ತೇನೆ.

ಅರ್ಥಶಾಸ್ತ್ರದಲ್ಲಿ ಓಡೆಡ್ ಸ್ಟಾರ್ಕ್ ಮುಂದಿಟ್ಟ ಒಂದು ವಿಚಾರವಿದೆ. ಮನುಷ್ಯನನ್ನು ಹೊರಡಿಸುವುದು ಅವನ ಆದಾಯ ಎಷ್ಟು ಎಂಬುದಲ್ಲ, ತನ್ನವರೆಂದು ಭಾವಿಸಿದವರ ನಡುವೆ ಅವನು ಎಲ್ಲಿ ನಿಂತಿದ್ದಾನೆ ಎಂಬುದು. ನಿಮಗೆ 16 ಲಕ್ಷ ಎಂದರೆ ನಿಮ್ಮ ಕೊನೆಯ ವರ್ಷದ ಸಂಬಳದೊಂದಿಗೆ ಹೋಲಿಕೆ. ಅವನಿಗೆ ಹೋಲಿಕೆ ಜೊತೆಗೆ ಓದಿದವರೊಂದಿಗೆ, ಅವರಲ್ಲಿ ನಾಲ್ಕು ಜನ ಹೊರದೇಶದಿಂದ ಫೋಟೋ ಕಳುಹಿಸುತ್ತಿರುತ್ತಾರೆ. ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬೇಡಿ. ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ‘ಹುಡುಗ ಫಾರಿನ್ನಲ್ಲಿದ್ದಾನೆ’ ಎಂಬ ಮಾತಿಗೆ ತೂಕ ಕೊಟ್ಟು ಈ ಹೋಲಿಕೆಯನ್ನು ಅವರ ತಲೆಗೆ ತುಂಬಿದವರು ನಮ್ಮ ತಲೆಮಾರಿನವರೇ.

ಆದರೆ ಹೋಲಿಕೆಯೊಂದೇ ಕಾರಣವಲ್ಲ. ಹೊರಟು ನಿಂತ ಹತ್ತಾರು ಯುವಕರೊಂದಿಗೆ ಮಾತನಾಡಿದ ಮೇಲೆ ನನಗೆ ಅನ್ನಿಸಿರುವುದು ಇದು: ಅವರು ಬಾಯಲ್ಲಿ ಸಂಬಳದ ಮಾತಾಡುತ್ತಾರೆ, ಮನಸ್ಸಿನಲ್ಲಿರುವುದು ಖಾತರಿ. ಮಗುವನ್ನು ಶಾಲೆಗೆ ಸೇರಿಸಲು ಎಷ್ಟು ಕೊಡಬೇಕಾದೀತು, ಕೆಲಸ ಹೋದರೆ ಎಷ್ಟು ತಿಂಗಳು ತಡೆದುಕೊಳ್ಳಬಹುದು, ಕಚೇರಿಯಲ್ಲಿ ರಾತ್ರಿ ಒಂಬತ್ತಕ್ಕೆ ಕರೆ ಬಂದರೆ ಎತ್ತದಿರಬಹುದೇ, ಈ ಪ್ರಶ್ನೆಗಳಿಗೆ ಮೊದಲೇ ಗೊತ್ತಿರುವ ಉತ್ತರ ಬೇಕೆಂದು ಅವರು ಬಯಸುತ್ತಾರೆ. ಜರ್ಮನಿ ಕೊಡುವುದು ಮುಖ್ಯವಾಗಿ ಇದನ್ನು. ಅಲ್ಲಿ ವಾರಕ್ಕೆ ಐದು ದಿನ ದುಡಿಯುವವನಿಗೆ ಕಾನೂನಿನಂತೆಯೇ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ, ಬಹಳಷ್ಟು ಕಂಪನಿಗಳಲ್ಲಿ ಅದಕ್ಕಿಂತ ಹೆಚ್ಚು. ಕಾಯಿಲೆ ಬಿದ್ದರೆ ಆರು ವಾರಗಳವರೆಗೆ ಮಾಲೀಕನೇ ಪೂರ್ತಿ ಸಂಬಳ ಕೊಡಬೇಕು. ಒಂದು ವರ್ಷ ವಿಮೆಯ ವಂತಿಗೆ ಕಟ್ಟಿದವನು ಕೆಲಸ ಕಳೆದುಕೊಂಡರೆ ಕೈಗೆ ಬರುತ್ತಿದ್ದ ಸಂಬಳದ ಶೇಕಡಾ 60ರಷ್ಟು, ಮಗುವಿದ್ದರೆ 67ರಷ್ಟು, ಕೆಲವು ತಿಂಗಳು ಸಿಗುತ್ತದೆ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಮತ್ತು ಅಲ್ಲಿ ಎಂಜಿನಿಯರನ ಮಗಳೂ ಬಸ್ ಚಾಲಕನ ಮಗಳೂ ಅದೇ ಶಾಲೆಗೆ ಹೋಗುತ್ತಾರೆ.

ಈಗ ಲೆಕ್ಕಕ್ಕೆ ಬರೋಣ, ಲೆಕ್ಕದ ಮೇಷ್ಟರಾದ ನಿಮಗೆ ಇದು ಬೇಸರ ತರಲಾರದು. ಒಂದು ಯೂರೋಗೆ ನೂರು ರೂಪಾಯಿ ಎಂದು ಇಟ್ಟುಕೊಂಡರೆ 60 ಸಾವಿರ ಯೂರೋ ಎಂದರೆ 60 ಲಕ್ಷ. ನಿಮ್ಮ ಸಂಶಯ ಸರಿಯಾಗಿದೆ, ಈ ಗುಣಾಕಾರ ಅರ್ಧ ಸುಳ್ಳು. ಬೇರೆ ಬೇರೆ ದೇಶಗಳ ಸಂಬಳವನ್ನು ಹೋಲಿಸಲು ಅರ್ಥಶಾಸ್ತ್ರಜ್ಞರು ಕೊಳ್ಳುವ ಶಕ್ತಿಯನ್ನು ಅಳೆಯುತ್ತಾರೆ: ಅಮೆರಿಕದಲ್ಲಿ ಒಂದು ಡಾಲರಿಗೆ ಬರುವ ಸಾಮಾನಿಗೆ ಭಾರತದಲ್ಲಿ ಸುಮಾರು 20 ರೂಪಾಯಿ ಸಾಕು, ಜರ್ಮನಿಯಲ್ಲಿ ಮುಕ್ಕಾಲು ಯೂರೋದ ಆಸುಪಾಸು ಬೇಕು. ಈ ಪ್ರಮಾಣದಲ್ಲಿ ನೋಡಿದರೆ 60 ಸಾವಿರ ಯೂರೋ ಇಲ್ಲಿನ ಸುಮಾರು 16 ಲಕ್ಷಕ್ಕೆ ಸಮ, ಅಂದರೆ ನಿಮ್ಮ ಮಗನ ಈಗಿನ ಸಂಬಳದಷ್ಟೇ. ಆದರೆ ಇಲ್ಲಿಗೇ ನಿಲ್ಲಿಸಿದರೆ ಅದೂ ಅರ್ಧ ಸುಳ್ಳಾಗುತ್ತದೆ. ಅಲ್ಲಿ ಉಂಡುಟ್ಟು ಖರ್ಚು ಮಾಡುವ ಯೂರೋಗೆ ಅಲ್ಲಿನ ಬೆಲೆಯೇ ಅನ್ವಯವಾಗುತ್ತದೆ, ಉಳಿಸಿ ಊರಿಗೆ ಕಳುಹಿಸುವ ಯೂರೋ ಮಾತ್ರ ಪೂರ್ತಿ ನೂರು ರೂಪಾಯಿಯಾಗುತ್ತದೆ. ಹೀಗಾಗಿ ಹೊರದೇಶದ ಸಂಬಳದ ಬೆಲೆ ಎಷ್ಟೆಂಬುದು ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಒಂಟಿಯಾಗಿ ಕೊಲ್ಲಿ ದೇಶಗಳಿಗೆ ಹೋಗಿ, ಆರು ಜನ ಒಂದು ಕೋಣೆಯಲ್ಲಿದ್ದು, ಮನೆಗೆ ಹಣ ಕಳುಹಿಸುವ ಕಾರ್ಮಿಕ ಈ ಸೂತ್ರವನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲ.

ನಿಮ್ಮ ಮಗನ ಸಂಸಾರದ ಲೆಕ್ಕವನ್ನು ನಾನು ಹೀಗೆ ಹಾಕುತ್ತೇನೆ. ತಿಂಗಳಿಗೆ 5,000 ಯೂರೋ ಸಂಬಳದಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆಗಳೆಲ್ಲ ಕಳೆದು ಒಂಟಿಯಾಗಿರುವವನಿಗೆ 3,100 ಚಿಲ್ಲರೆ ಕೈಗೆ ಬಂದರೆ, ಹೆಂಡತಿಗೆ ದುಡಿಮೆಯಿಲ್ಲದ ಸಂಸಾರಸ್ಥನಿಗೆ ಸುಮಾರು 3,500 ಬರುತ್ತದೆ. ಜೊತೆಗೆ ಮಗುವಿಗೆಂದು ಸರ್ಕಾರ ಕೊಡುವ ಹಣ, 2025ರಲ್ಲಿ ತಿಂಗಳಿಗೆ 255 ಯೂರೋ. ದೊಡ್ಡ ನಗರದಲ್ಲಿ ಚಳಿಗಾಲದ ಬಿಸಿ ವ್ಯವಸ್ಥೆ ಸೇರಿದ ಬಾಡಿಗೆ 1,500, ಅಡುಗೆಮನೆಯ ಖರ್ಚು 700, ಶಿಶುವಿಹಾರಕ್ಕೆ ಊರಿಂದ ಊರಿಗೆ ಬದಲಾಗುವ ಶುಲ್ಕ, ಬಸ್ಸು-ರೈಲು, ವಿದ್ಯುತ್ತು, ಫೋನು, ಬಟ್ಟೆ, ವರ್ಷಕ್ಕೊಮ್ಮೆ ಮೂವರು ಊರಿಗೆ ಬಂದುಹೋಗುವ ಟಿಕೆಟ್, ಎಲ್ಲ ಸೇರಿ 3,100ರಿಂದ 3,200. ಉಳಿಯುವುದು 600 ಯೂರೋ, ಅಂದರೆ 60 ಸಾವಿರ ರೂಪಾಯಿ. ಬೆಂಗಳೂರಿನಲ್ಲಿ ಅವನ ಕೈಗೆ ಬರುವ ಸುಮಾರು ಒಂದು ಲಕ್ಷದ ಹತ್ತು ಸಾವಿರದಲ್ಲಿ ಬಾಡಿಗೆ, ಶಾಲೆ, ಓಡಾಟ ಕಳೆದು 25 ಸಾವಿರ ಉಳಿದರೆ ಹೆಚ್ಚು. ಇವು ನನ್ನ ಅಂದಾಜುಗಳು, ಬಾಡಿಗೆಯೊಂದು ಬದಲಾದರೂ ಫಲಿತಾಂಶ ಬದಲಾಗುತ್ತದೆ. ಆದರೂ ತಿಂಗಳಿಗೆ 35 ಸಾವಿರದಷ್ಟು ಹೆಚ್ಚುವರಿ ಉಳಿತಾಯ ಎಂಬುದು 60 ಲಕ್ಷ ಎಂಬ ಮಾತಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿ. ಇದರ ಸಲುವಾಗಿಯೇ ದೇಶ ಬಿಡುವುದಾದರೆ ನಾನು ಬೇಡವೆನ್ನುತ್ತಿದ್ದೆ.

ಈ ಲೆಕ್ಕವನ್ನು ತಿರುಗಿಸಬಲ್ಲವರು ನಿಮ್ಮ ಸೊಸೆ. ಅವರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಪದವಿದೆ, ‘ಹೆಂಡತಿ’. ಅವರು ಏನು ಓದಿದ್ದಾರೆ, ಈಗ ಕೆಲಸದಲ್ಲಿದ್ದಾರೆಯೇ, ಹೋಗಲು ಅವರಿಗೆ ಮನಸ್ಸಿದೆಯೇ ಎಂಬುದನ್ನು ನೀವು ಬರೆದಿಲ್ಲ. ಜರ್ಮನಿಯಲ್ಲಿ ‘ಬ್ಲೂ ಕಾರ್ಡ್’, ಅಂದರೆ ಕೆಲಸ ಸಿಕ್ಕ ಪದವೀಧರರಿಗೆ ಕೊಡುವ ವಾಸದ ಪರವಾನಗಿ, ಪಡೆದವನ ಪತ್ನಿ ಯಾವ ಉದ್ಯೋಗವನ್ನಾದರೂ ಮಾಡಬಹುದು, ಬರುವ ಮೊದಲು ಜರ್ಮನ್ ಭಾಷೆ ಬರುತ್ತದೆಂದು ತೋರಿಸಬೇಕಾಗಿಯೂ ಇಲ್ಲ. ಕಾನೂನು ಬಾಗಿಲು ತೆರೆದರೂ ಭಾಷೆ ಬಾರದೆ ಕೆಲಸ ಸಿಗುವುದು ಸಾಫ್ಟ್‌ವೇರಿನಂತಹ ಕೆಲವೇ ಕ್ಷೇತ್ರಗಳಲ್ಲಿ. ಗಂಡ ಕಚೇರಿಗೆ, ಮಗು ಶಿಶುವಿಹಾರಕ್ಕೆ ಹೋದ ಮೇಲೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ದಿನ ಕಳೆಯಬೇಕಾದವರು ಅವರು. ನಾನು ಕಂಡಂತೆ ಎರಡು ಮೂರು ವರ್ಷದಲ್ಲಿ ಮರಳಿ ಬಂದ ಸಂಸಾರಗಳಲ್ಲಿ ಹೆಚ್ಚಿನವು ಗಂಡನ ಕೆಲಸ ಕೆಟ್ಟು ಬಂದವಲ್ಲ, ಹೆಂಡತಿಯ ದಿನಗಳು ಖಾಲಿಯಾಗಿ ಬಂದವು. ಹೊರಡುವ ಒಂದು ವರ್ಷ ಮೊದಲೇ ಇಬ್ಬರೂ ಜರ್ಮನ್ ಕಲಿಯಲು ಆರಂಭಿಸಿದರೆ ಅದು ಒಂದು ಎಕರೆ ತೋಟಕ್ಕಿಂತ ದೊಡ್ಡ ಬಂಡವಾಳ.

ದಿನನಿತ್ಯದ ಬದುಕಿನ ಹೋಲಿಕೆಯಲ್ಲಿ ಎರಡೂ ಕಡೆ ಮೆಚ್ಚುವುದು, ಗೊಣಗುವುದು ಇದ್ದೇ ಇದೆ. ನಾನು ಎರಡು ವರ್ಷ ಅಲ್ಲಿನ ಒಂದು ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿದ್ದೆ. ಮೊಣಕಾಲು ನೋವೆಂದು ಮೂಳೆ ತಜ್ಞರನ್ನು ಕಾಣಲು ಹೊರಟರೆ ಏಳು ವಾರಗಳ ನಂತರದ ದಿನಾಂಕ ಕೊಟ್ಟರು. ಆ ದಿನ ಬರುವಷ್ಟರಲ್ಲಿ ನೋವು ತಾನಾಗಿಯೇ ಹೋಗಿತ್ತು, ನಾನು ನಾಚಿಕೆಯಿಂದಲೇ ಹೋಗಿ ಕುಳಿತೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಂಜೆ ಆರಕ್ಕೆ ಹೋಗಿ ಚೀಟಿ ಬರೆಸಿದರೆ ಎಂಟರೊಳಗೆ ಅದೇ ದರ್ಜೆಯ ತಜ್ಞರು ಕಾಲು ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ, ಮಾತ್ರೆ ಬರೆದು ಕಳುಹಿಸುತ್ತಾರೆ. ಆದರೆ ಅದೇ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಬೇಕಾಗಿದ್ದರೆ ಅಲ್ಲಿ ನಾನು ಕೈಯಿಂದ ಕೊಡಬೇಕಾದದ್ದು ದಿನಕ್ಕೆ ಹತ್ತು ಯೂರೋ ಆಸ್ಪತ್ರೆ ಶುಲ್ಕ ಮಾತ್ರ. ಇಲ್ಲಿ ವಿಮೆಯಿಲ್ಲದ ಮಧ್ಯಮ ವರ್ಗದ ಮನೆಯೊಂದು ಒಂದೇ ಶಸ್ತ್ರಚಿಕಿತ್ಸೆಗೆ ಒಡವೆ ಅಡವಿಡುವುದನ್ನು ನಾವೆಲ್ಲ ನೋಡಿದ್ದೇವೆ. ಸಣ್ಣ ಕಾಯಿಲೆಗೆ ನಮ್ಮ ಊರು ಮೇಲು, ದೊಡ್ಡ ಕಾಯಿಲೆಗೆ ಅವರ ದೇಶ ಮೇಲು.

ಇನ್ನುಳಿದವು ಅಭ್ಯಾಸದ ಮಾತುಗಳು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅಂದು ಗೋಡೆಗೆ ಮೊಳೆ ಹೊಡೆದರೂ ನೆರೆಯವರು ಬಂದು ಬಾಗಿಲು ತಟ್ಟುತ್ತಾರೆ. ಬಾಡಿಗೆ ಮನೆಗೆ ಹಲವು ಸಲ ಅಡುಗೆಮನೆಯ ಕಟ್ಟೆ, ಕಪಾಟು, ಒಲೆ ಯಾವುವೂ ಇರುವುದಿಲ್ಲ, ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ. ಕೆಲಸದವರು ಎಂಬ ವ್ಯವಸ್ಥೆ ಸಾಮಾನ್ಯ ಸಂಬಳದಲ್ಲಿ ಸಾಧ್ಯವೇ ಇಲ್ಲ; ಪಾತ್ರೆ, ಬಟ್ಟೆ, ಶೌಚಾಲಯ ಎಲ್ಲವನ್ನೂ ಗಂಡಹೆಂಡಿರೇ ನೋಡಿಕೊಳ್ಳಬೇಕು, ಇದರಿಂದ ನಮ್ಮ ಗಂಡುಮಕ್ಕಳಿಗೆ ಆಗುವ ಉಪಕಾರವನ್ನು ನಾನು ಕಡಿಮೆ ಎಂದು ಹೇಳಲಾರೆ. ಸಂಜೆ ಯಾರ ಮನೆಗಾದರೂ ಹೇಳದೆ ಕೇಳದೆ ಹೋಗಿ ಖಾರ ಮಂಡಕ್ಕಿ ತಿಂದು ಬರುವ ಬದುಕು ಅಲ್ಲಿಲ್ಲ. ಮೂರು ವಾರ ಮೊದಲೇ ದಿನ ಗೊತ್ತುಮಾಡಿಕೊಂಡು ಭೇಟಿಯಾಗುವ ಸ್ನೇಹ ನಮಗೆ ಮೊದಲು ತಣ್ಣಗೆ ಕಾಣುತ್ತದೆ, ಆದರೆ ಹೀಗೆ ಸಿಕ್ಕ ಒಬ್ಬಿಬ್ಬರು ನನಗೆ ಇಂದಿಗೂ ಪತ್ರ ಬರೆಯುತ್ತಾರೆ.

ಮೊಮ್ಮಗಳ ವಿಷಯದಲ್ಲಿ ಒಂದು ಮಾತು. ಮೂರು ವರ್ಷದ ಮಗು ಒಂದೇ ವರ್ಷದಲ್ಲಿ ಜರ್ಮನ್ ಕಲಿತುಬಿಡುತ್ತದೆ, ಆ ಚಿಂತೆ ಬೇಡ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ, ವಿಶ್ವವಿದ್ಯಾಲಯಕ್ಕೆ ನೇರ ದಾರಿಯಿರುವುದು ಅವುಗಳಲ್ಲಿ ಒಂದಕ್ಕೆ. ಹತ್ತು ವರ್ಷ ತುಂಬಿದ ಮೇಲೆ ಹೋಗುವ ಮಗುವಿಗೆ ಇದು ಕಷ್ಟವಾಗುತ್ತದೆ, ನಿಮ್ಮ ಮೊಮ್ಮಗಳಿಗೆ ಆ ತೊಂದರೆಯಿಲ್ಲ. ಹೋಗುವುದೇ ಆದರೆ ಈ ವಯಸ್ಸು ಒಳ್ಳೆಯದು. ಅವಳು ನಿಮ್ಮೊಂದಿಗೆ ಕನ್ನಡದಲ್ಲಿ ಮಾತನಾಡುವಳೇ ಎಂಬುದು ಮಾತ್ರ ಮನೆಯ ಒಳಗಿನ ಶಿಸ್ತಿಗೆ ಬಿಟ್ಟದ್ದು, ಮತ್ತು ಪ್ರತಿದಿನ ಅರ್ಧ ಗಂಟೆ ವಿಡಿಯೋ ಕರೆಯಲ್ಲಿ ಕಥೆ ಹೇಳಲು ನಿವೃತ್ತ ಮೇಷ್ಟರಿಗಿಂತ ಯೋಗ್ಯರು ಯಾರಿದ್ದಾರೆ?

ಅಮೆರಿಕದ ಬದಲು ಜರ್ಮನಿ ಏಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಆಯ್ಕೆ ಬುದ್ಧಿವಂತಿಕೆಯದು. ಅಮೆರಿಕದಲ್ಲಿ ಸಂಬಳ ಹೆಚ್ಚು, ಖಾತರಿ ಕಡಿಮೆ. ಎಚ್-1ಬಿ ವೀಸಾದ ಮೇಲಿರುವವನು ಕೆಲಸ ಕಳೆದುಕೊಂಡರೆ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ಶಾಶ್ವತ ವಾಸದ ಹಸಿರು ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಯೂ ಹೊರಬಿತ್ತು. ಜರ್ಮನಿಗೆ ಇದಕ್ಕೆ ತದ್ವಿರುದ್ಧದ ಅನಿವಾರ್ಯತೆಯಿದೆ: ಯುದ್ಧಾನಂತರ ಹುಟ್ಟಿದ ದೊಡ್ಡ ತಲೆಮಾರು ನಿವೃತ್ತವಾಗುತ್ತಿದೆ, ಅವರ ಪಿಂಚಣಿಗೆ ವಂತಿಗೆ ಕಟ್ಟುವ ಯುವಕರು ಸಾಲದು. ಹೀಗಾಗಿ 2024ರಲ್ಲಿ ಭಾರತದ ಕುಶಲ ಕೆಲಸಗಾರರ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಅಲ್ಲಿನ ಸರ್ಕಾರ ಹೇಳಿತು. ಬ್ಲೂ ಕಾರ್ಡ್ ಪಡೆದವರು 27 ತಿಂಗಳಲ್ಲಿ, ಮಧ್ಯಮ ಮಟ್ಟದ ಜರ್ಮನ್ ಕಲಿತಿದ್ದರೆ 21 ತಿಂಗಳಲ್ಲಿಯೇ, ಶಾಶ್ವತ ವಾಸದ ಹಕ್ಕಿಗೆ ಅರ್ಹರು. ಐದು ವರ್ಷಕ್ಕೆ ಪೌರತ್ವ ಕೇಳಬಹುದು. ಜರ್ಮನಿ ಈಗ ಎರಡು ಪೌರತ್ವವನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿನ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಇಲ್ಲಿನದು ರದ್ದಾಗುತ್ತದೆ, ಉಳಿಯುವುದು ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ, ಮತದಾನದ ಹಕ್ಕಿಲ್ಲದ ಓ.ಸಿ.ಐ. ಕಾರ್ಡ್.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಕೇಳಬೇಕೆಂದಿದ್ದು ಕೇಳದೆ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ನಡುರಾತ್ರಿ ಫೋನ್ ಹೋದರೂ ಬೆಳಗಿನ ಹೊತ್ತಿಗೆ ಅವನು ಆಸ್ಪತ್ರೆಯ ಬಾಗಿಲಿನಲ್ಲಿರುತ್ತಾನೆ. ಜರ್ಮನಿಯಿಂದಾದರೆ ರಜೆ, ಟಿಕೆಟ್, ವಿಮಾನ, ಮತ್ತೆ ಹೆದ್ದಾರಿ, ಎಲ್ಲ ಕೂಡಿಬಂದರೂ ಒಂದು ಹಗಲು ಒಂದು ರಾತ್ರಿ ಬೇಕು. ಈ ಬೆಲೆಯನ್ನು ಕೊಡುವವರು ಅವನಲ್ಲ, ನೀವು ಮತ್ತು ನಿಮ್ಮ ಮನೆಯವರು. ಹೀಗಿರುವುದರಿಂದ ನಿರ್ಧಾರದಲ್ಲಿ ನಿಮ್ಮ ಮಾತಿಗೂ ಜಾಗವಿರಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಆ ಮಾತನ್ನು ‘ಅಲ್ಲಿ ಏನಿದೆ’ ಎಂಬ ವಾದವಾಗಿ ಹೇಳದೆ, ‘ನಮಗೆ ಹೀಗಾದರೆ ಏನು ವ್ಯವಸ್ಥೆ’ ಎಂದು ನೇರವಾಗಿ ಕೇಳಿ. ಹತ್ತಿರದಲ್ಲಿ ಮಗಳೋ, ತಮ್ಮನ ಮಕ್ಕಳೋ ಇದ್ದಾರೆಯೇ, ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು, ನಿಮ್ಮಿಬ್ಬರ ಆರೋಗ್ಯ ವಿಮೆ ಎಷ್ಟರದ್ದು, ಇವನ್ನು ಅವನು ಹೊರಡುವ ಮೊದಲು ಕಾಗದದ ಮೇಲೆ ಬರೆಯಬೇಕು.

ನೀವೇ ಅಲ್ಲಿಗೆ ಹೋಗಿ ಇರುವುದು? ಭೇಟಿಯ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ಬ್ಲೂ ಕಾರ್ಡಿನಂತಹ ಪರವಾನಗಿ ಪಡೆದವರು ತಂದೆತಾಯಿಯನ್ನು ದೀರ್ಘಕಾಲ ಕರೆಸಿಕೊಳ್ಳಲು ಅಲ್ಲಿನ ಕಾನೂನು ಒಂದು ದಾರಿ ತೆರೆದಿದೆ. ಆದರೆ ಖರ್ಚನ್ನು ಮಗನೇ ಹೊರಬೇಕು, ಪೂರ್ಣ ಪ್ರಮಾಣದ ಆರೋಗ್ಯ ವಿಮೆ ಮಾಡಿಸಿರಬೇಕು. ಅರವತ್ತು ದಾಟಿದವರಿಗೆ ಅಂತಹ ವಿಮೆ ದೊರಕಿಸುವುದೇ ದುಬಾರಿಯ ಕೆಲಸ. ಇದನ್ನು ನಂಬಿಕೊಂಡು ಯೋಜನೆ ಹಾಕಬೇಡಿ.

ಇನ್ನು ಆ ಕಾರ್ಡಿನ ವಿಷಯ. ಚಾನ್ಸೆನ್‌ಕಾರ್ಟೆ ಎಂದರೆ ಅವಕಾಶದ ಕಾರ್ಡ್. 2024ರ ಜೂನ್ 1ರಿಂದ ಜಾರಿಯಲ್ಲಿದೆ. ಪದವಿ, ಅನುಭವ, ವಯಸ್ಸು, ಭಾಷೆಗಳಿಗೆ ಅಂಕ ಕೊಟ್ಟು, ಕನಿಷ್ಠ ಆರು ಅಂಕ ಪಡೆದವರಿಗೆ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಲು ಬಿಡುತ್ತಾರೆ. ಅಷ್ಟರಲ್ಲಿ ವಾರಕ್ಕೆ 20 ಗಂಟೆಯವರೆಗೆ ಅರೆಕಾಲಿಕ ದುಡಿಮೆ ಮಾಡಬಹುದು. ವೀಸಾ ಶುಲ್ಕ 75 ಯೂರೋ ಮಾತ್ರ. ಹಣ ಬೇಕಾಗುವುದು ಜೀವನ ನಿರ್ವಹಣೆಗೆ: 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ವರ್ಷಕ್ಕೆ 13,092 ಯೂರೋ, ಅಂದರೆ 13 ಲಕ್ಷ ರೂಪಾಯಿಯನ್ನು ಅವನದೇ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು. ಈ ಹಣ ಅವನದಾಗಿಯೇ ಉಳಿಯುತ್ತದೆ, ತಿಂಗಳು ತಿಂಗಳು ತೆಗೆದುಕೊಳ್ಳಬಹುದು. ಸಲಹಾ ಸಂಸ್ಥೆ ಇದರ ಮೇಲೆ ಕೇಳುವ ಲಕ್ಷಗಳು ಯಾವುದಕ್ಕೆಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅರ್ಜಿ ತುಂಬುವ ಕೆಲಸವನ್ನು ಏಳು ವರ್ಷ ಅನುಭವದ ಎಂಜಿನಿಯರ್ ಒಂದು ಭಾನುವಾರದಲ್ಲಿ ತಾನೇ ಮಾಡಿಕೊಳ್ಳಬಲ್ಲ.

ಆದರೆ ಅವನಿಗೆ ಈ ಕಾರ್ಡೇ ಬೇಕಿಲ್ಲ ಎಂಬುದು ನನ್ನ ಖಚಿತ ಸಲಹೆ. ಕೈಯಲ್ಲಿರುವ ಕೆಲಸ ಬಿಟ್ಟು, ಹೆಂಡತಿ ಮಗುವನ್ನು ಇಲ್ಲಿ ಬಿಟ್ಟು, 2023 ಮತ್ತು 2024 ಎರಡು ವರ್ಷ ಸತತವಾಗಿ ಕುಗ್ಗಿದ ಆರ್ಥಿಕತೆಯೊಳಗೆ ಹೋಗಿ ಹುಡುಕುವುದು ಜೂಜು. ಬೆಂಗಳೂರಿನಿಂದಲೇ ಅರ್ಜಿ ಹಾಕಲಿ, ವಿಡಿಯೋ ಸಂದರ್ಶನ ಕೊಡಲಿ. ತಾನು ಓದಿದ ವಿಶ್ವವಿದ್ಯಾಲಯ ಮತ್ತು ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ‘ಅನಾಬಿನ್’ ಎಂಬ ಅಲ್ಲಿನ ಸರ್ಕಾರಿ ಮಾಹಿತಿ ಕೋಶದಲ್ಲಿ ಮೊದಲು ನೋಡಿಕೊಳ್ಳಲಿ. ಬ್ಲೂ ಕಾರ್ಡಿಗೆ 2025ರಲ್ಲಿ ವರ್ಷಕ್ಕೆ 48,300 ಯೂರೋ, ಮಾಹಿತಿ ತಂತ್ರಜ್ಞಾನದಂತಹ ಕೊರತೆಯ ಕ್ಷೇತ್ರಗಳಲ್ಲಿ ಸುಮಾರು 43,760 ಯೂರೋ ಸಂಬಳದ ನೇಮಕಾತಿ ಪತ್ರ ಸಾಕಿತ್ತು. ಪ್ರತಿ ವರ್ಷ ಇದು ಏರುತ್ತದೆ. ಅಂತಹ ಪತ್ರ ಕೈಗೆ ಬಂದರೆ ಸಂಸಾರಸಮೇತ ಹೋಗಬಹುದು, ನಿರ್ಬಂಧಿತ ಖಾತೆಯ ಗೊಡವೆಯಿಲ್ಲ. ಒಂದು ವರ್ಷ ಪ್ರಯತ್ನಿಸಿ ಒಂದೂ ಪತ್ರ ಬಾರದಿದ್ದರೆ, ಅಲ್ಲಿಗೆ ಹೋಗಿ ನಿಂತರೂ ಬರುವ ಸಾಧ್ಯತೆ ಎಷ್ಟೆಂಬುದನ್ನು ಅವನೇ ಊಹಿಸಿಕೊಳ್ಳಲಿ. ಮೊದಲ ಆರು ತಿಂಗಳು ಪರೀಕ್ಷಾರ್ಥ ಅವಧಿ, ಆಗ ಎರಡು ವಾರಗಳ ಸೂಚನೆ ಕೊಟ್ಟು ಕೆಲಸದಿಂದ ತೆಗೆಯಬಹುದು ಎಂಬುದೂ ಅವನಿಗೆ ತಿಳಿದಿರಲಿ.

ಹೀಗಾಗಿ ತೋಟ ಮಾರುವ ಅಗತ್ಯವೇ ಬರುವುದಿಲ್ಲ. ಬಂದರೂ ಮಾರಬೇಡಿ ಎನ್ನಲು ಭಾವನೆಯದಲ್ಲದ ಒಂದು ಕಾರಣವಿದೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾದರೂ, ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಹೊರದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಯಾಗಲಿ, ಓ.ಸಿ.ಐ. ಕಾರ್ಡುದಾರನಾಗಲಿ ಕೃಷಿ ಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಉತ್ತರಾಧಿಕಾರದಿಂದ ಮಾತ್ರ ಅದು ಅವನಿಗೆ ಬರಬಹುದು. ಇಂದು ಮಾರಿದ ಎಕರೆಯನ್ನು ನಾಳೆ ಯೂರೋ ಎಷ್ಟಿದ್ದರೂ ಅವನು ತನ್ನ ಹೆಸರಿಗೆ ಮರಳಿ ಕೊಳ್ಳಲಾರ. ಅವನು ಹೊರಟ ಮೇಲೆ ‘ಈಗಲೇ ಬರೆದುಕೊಟ್ಟುಬಿಡೋಣ’ ಎಂದು ದಾನಪತ್ರ ಮಾಡಿಸುವ ತಪ್ಪನ್ನೂ ಮಾಡಬೇಡಿ. ತೋಟ ನಿಮ್ಮ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ದಾಖಲೆ ತೋರಿಸಿ ಒಬ್ಬ ವಕೀಲರಿಂದ ತಿಳಿದುಕೊಳ್ಳಿ. ಸ್ವಯಾರ್ಜಿತವಾದರೆ ವಿಲ್ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ, ಆದರೆ ಹದಿನೈದು ದಿನದ ರಜೆಯಲ್ಲಿ ಬಂದವನು ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಹೆಸರು ಸೇರಿಸಿಕೊಳ್ಳಲು ನಿಂತಾಗ ಆ ಮೊಹರು ಅವನ ಅರ್ಧ ಓಡಾಟವನ್ನು ತಪ್ಪಿಸುತ್ತದೆ.